ಗಂಟೆ ಸುಮ್ಮನಾದಾಗ ಮರದ ದನಿ

ಆಸ್ಟ್ರಿಯಾದ ಟಿರೋಲಿನಲ್ಲಿ ಈಸ್ಟರ್‌ಗೆ ಮುಂಚಿನ ಗುರುವಾರ ಸಂಜೆಯಿಂದ ಚರ್ಚಿನ ಗಂಟೆಗಳು ಮೌನ. ಅವು ರೋಮ್‌ಗೆ ಹಾರಿಹೋಗಿವೆ ಎಂದು ಮಕ್ಕಳಿಗೆ ಹೇಳುವುದು ವಾಡಿಕೆ. ಆಗ ಮಕ್ಕಳೇ ‘ರಾಟ್ಷೆ’ ಎಂಬ ಮರದ ಸದ್ದಿನ ಸಾಧನ ಹಿಡಿದು ಬೀದಿಗಿಳಿದು, ಪ್ರಾರ್ಥನೆಯ ಹೊತ್ತನ್ನು ಊರಿಗೆ ಸಾರುತ್ತಾರೆ.

ಎಷ್ಟು ಸರಳ, ಎಷ್ಟು ಚೆಂದದ ಮರಗೆಲಸ! ಹಿಡಿ ತಿರುವಿದರೆ ಹಲ್ಲುಚಕ್ರ ಸುತ್ತುತ್ತದೆ. ಒಂದೊಂದು ಹಲ್ಲೂ ತೆಳುವಾದ ಮರದ ಪಟ್ಟಿಯನ್ನು ಎತ್ತಿ ಬಿಡುತ್ತದೆ, ಪಟ್ಟಿ ಟಪ್ಪೆಂದು ಬಡಿಯುತ್ತದೆ. ವೇಗ ಹೆಚ್ಚಿದಂತೆ ಅದೇ ಕರಕರ ಸದ್ದಾಗಿ ಕಣಿವೆ ತುಂಬುತ್ತದೆ. ಇಂಪಿಲ್ಲ, ನಿಜ. ಯೇಸುವಿನ ಸಾವನ್ನು ನೆನೆಯುವ ದಿನಗಳಿಗೆ ಈ ಒರಟು ದನಿಯೇ ತಕ್ಕದ್ದು ಎನ್ನುತ್ತೇನೆ. ಶನಿವಾರ ರಾತ್ರಿಯ ಪೂಜೆಯಲ್ಲಿ ಗಂಟೆಗಳು ಮತ್ತೆ ಮೊಳಗುತ್ತವೆ.

ವಸಂತದಲ್ಲಿ ಆ ಕಡೆ ಹೋಗುವವರು ಶುಕ್ರವಾರಕ್ಕೇ ಹಳ್ಳಿ ಸೇರಿಕೊಳ್ಳಿ. ಭಾನುವಾರ ರಾಟ್ಷೆ ಕೇಳಸಿಗದು.