ಗೊಟಗೋಡಿಯ ವಾಡೆ ಮತ್ತು ತಪ್ಪು ಹೊಗಳಿಕೆ

ಹುಬ್ಬಳ್ಳಿ-ಧಾರವಾಡದ ಮನೆಗೆ ನೆಂಟರು ಬಂದರೆ ಭಾನುವಾರದ ಸವಾರಿ ಹೊರಡುವುದು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಗೆ, ಉತ್ಸವ ರಾಕ್ ಗಾರ್ಡನ್ನಿಗೆ. ಅಲ್ಲಿನ ಸಿಮೆಂಟಿನ ಹಳ್ಳಿಯ ಮೂರ್ತಿಗಳನ್ನು ನೋಡಿ ಬಂದವರದು ಒಂದೇ ಮಾತು: ‘ಥೇಟ್ ಜೀವಂತ ಮನುಷ್ಯಾರ ಹಂಗ ಅದಾವ್ರೀ.’ ಅವನ್ನು ರೂಪಿಸಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಜೀವಮಾನದ ದುಡಿಮೆಗೆ ಇದಕ್ಕಿಂತ ಅಗ್ಗದ ಮೆಚ್ಚುಗೆ ಸಿಗಲಾರದು.

ಜೀವಂತವಾಗಿ ಕಾಣಿಸುವುದು ಅಚ್ಚು, ಸಿಮೆಂಟು, ಬಣ್ಣ ಬಲ್ಲ ಕೈಗೆ ದೊಡ್ಡ ಮಾತೇನಲ್ಲ. ಗೌಡರ ವಾಡೆಯ ಮುಂದೆ ತುಸು ಹೊತ್ತು ನಿಂತು, ಮೂರ್ತಿಗಳ ಕಣ್ಣು ಎತ್ತ ತಿರುಗಿವೆ ನೋಡಿ. ಅವು ನಮ್ಮನ್ನು ನೋಡುವುದಿಲ್ಲ, ತಮ್ಮತಮ್ಮೊಳಗೆ ಮಾತಿನಲ್ಲಿವೆ. ಎತ್ತರದಲ್ಲಿ ಕೂತವನ ಕತ್ತು ಎಷ್ಟು ಬಾಗಬೇಕು, ಕೆಳಗೆ ನಿಂತವನ ಬೆನ್ನು ಎಷ್ಟು ಬಾಗಬೇಕು ಎಂಬ ಲೆಕ್ಕದಲ್ಲಿ ಊರಿನ ದರ್ಪವೂ ದೈನ್ಯವೂ ಅಡಗಿವೆ. ಒಂದೊಂದನ್ನೇ ಎತ್ತಿ ಬೇರೆಡೆ ಇಟ್ಟರೆ ಬರೀ ಗೊಂಬೆ. ಅಲ್ಲೇ ಇಟ್ಟರೆ ಪ್ರಸಂಗ. ಈ ಜಾಣ್ಮೆ ಕಲಾಶಾಲೆಯಿಂದ ಬಂದದ್ದೆಂದು ನನಗನಿಸುವುದಿಲ್ಲ. ಸೊಲಬಕ್ಕನವರ ದೊಡ್ಡಾಟವೆಂಬ ಬಯಲಾಟದ ಮನುಷ್ಯ. ಅಟ್ಟದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಒಬ್ಬನ ಮಾತಿಗೆ ಇನ್ನೊಬ್ಬ ಎಷ್ಟು ತಿರುಗಬೇಕು ಎಂಬುದು ಅವರಿಗೆ ರಕ್ತಗತ. ಕಂಬಾರ, ಕುಂಬಾರ, ಬಡಿಗ, ನೇಕಾರರ ಮನೆಗಳಲ್ಲೂ ಕಾಣುವುದು ನಿರ್ದೇಶಕನ ಕೈ. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವವರು ಆ ನೋಟದ ಎಳೆಯನ್ನೇ ಕತ್ತರಿಸುತ್ತಾರೆ, ಪಾಪ, ಗೊತ್ತಿಲ್ಲದೆ.

ಈ ಉದ್ಯಾನವನ್ನು ‘ಜಾನಪದದ ಬಯಲು ವಸ್ತುಸಂಗ್ರಹಾಲಯ’ ಎನ್ನುವ ವಿದ್ವಾಂಸರೊಡನೆ ನನ್ನ ತಕರಾರಿದೆ. ಜಾನಪದ ವಿಶ್ವವಿದ್ಯಾಲಯವೂ ಅದೇ ಊರಲ್ಲಿರುವುದರಿಂದ ಈ ಹೆಸರು ಸಲೀಸಾಗಿ ಅಂಟಿದೆ. ವಸ್ತುಸಂಗ್ರಹಾಲಯವಾದರೆ ಸಾಕ್ಷ್ಯ ಕೇಳಬೇಕಾಗುತ್ತದೆ. ಆಗ ಈ ಹಳ್ಳಿ ಸೋಲುತ್ತದೆ. ಇಲ್ಲಿ ಮಳೆ ಸದಾ ಸಕಾಲಕ್ಕೆ ಬಂದಂತಿದೆ, ಎಲ್ಲರ ಕೈಗೂ ಕೆಲಸವಿದೆ. ಗುಳೆ ಹೊರಟ ಕುಟುಂಬವಾಗಲಿ, ಸಾಲಗಾರನ ಮುಖವಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಆಟಕ್ಕೆ ಅಂಥ ಆಯ್ಕೆಯ ಹಕ್ಕಿದೆ, ದಾಖಲೆಗಿಲ್ಲ. ‘ಜಾತ್ರೆಯ ಗೊಂಬೆ’ ಎಂದು ಮೂಗು ಮುರಿಯುವ ನಗರದ ಕಲಾವಿಮರ್ಶಕರದು ಇನ್ನೊಂದು ಸೋಮಾರಿತನ. ಅವರು ಬಣ್ಣ ನೋಡಿ ಹಿಂದಿರುಗಿದವರು. ವಾಡೆಯ ಮುಂದೆ ನಿಂತವರಲ್ಲ. ಅಲ್ಲೇ ಇರುವ ಆಧುನಿಕ ಶಿಲ್ಪಗಳ ಬಗ್ಗೆಯೂ ಅವರ ಬಾಯಲ್ಲಿ ಮಾತಿಲ್ಲ.



ಮೂರ್ತಿಗಳ ಮಾತು ಹೀಗಾದರೆ, ತೋಟದ ಮಾತೇ ಬೇರೆ. ಚಂಡೀಗಡದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಗುಟ್ಟಾಗಿ ಕಟ್ಟಿದ, 1976ರಲ್ಲಿ ಜನರಿಗೆ ತೆರೆದುಕೊಂಡ ರಾಕ್ ಗಾರ್ಡನ್ನಿನಲ್ಲಿ ದಾರಿಯೇ ಅರ್ಧ ಕೃತಿ: ಇಕ್ಕಟ್ಟಾಗುತ್ತದೆ, ತಲೆ ಬಗ್ಗಿಸುತ್ತದೆ, ಥಟ್ಟನೆ ಬಯಲಿಗೆ ಬಿಡುತ್ತದೆ. ಇಟಲಿಯ ಬೊಮಾರ್ಟ್ಸೊದಲ್ಲಿ 16ನೇ ಶತಮಾನದ ಒಡೆಯ ಒರ್ಸೀನಿ ಮಾಡಿಸಿದ ಕಲ್ಲಿನ ರಾಕ್ಷಸರನ್ನು ಕಾಡಿನಿಂದ ಬಿಡಿಸಿ ನೋಡಲಾಗದು. ಗೊಟಗೋಡಿಯಲ್ಲಿ ಗಿಡಮರ ಬರೀ ಹಿಂಪರದೆ. ಹುಲ್ಲುಹಾಸು, ಮಕ್ಕಳ ಆಟದ ಜಾಗ, ಊಟದ ತಾಣಗಳೆಲ್ಲ ಯಾವ ಊರಿನ ಉದ್ಯಾನದಲ್ಲಾದರೂ ಇರಬಹುದಾದಂಥವು. ಮೂರ್ತಿಗೂ ಮರಕ್ಕೂ ನಂಟು ಬೆಳೆದಿಲ್ಲ.

ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಸಾಧಾರಣ ತೋಟ, ಸುಳ್ಳು ಹಳ್ಳಿ, ಮತ್ತು ಉತ್ತರ ಕರ್ನಾಟಕದ ಆಧುನಿಕ ಶಿಲ್ಪದಲ್ಲಿ ನಾನು ಕಂಡ ಅತ್ಯುತ್ತಮ ರಂಗಸಜ್ಜಿಕೆ.