ಎಳೆಗಳ ಎಣಿಕೆಯೋ, ಕೈಯ ಚಲನೆಯೋ: ‘ಟ್ವೈನ್’ ಕ್ರಿಯಾಪದದ ಕನ್ನಡ ಅರ್ಥನಿರೂಪಣೆ

ಇಂಗ್ಲಿಷಿನ ‘ಟ್ವೈನ್’ ಕ್ರಿಯಾಪದಕ್ಕೆ ‘ಹೊಸೆ, ಹೆಣೆ, ಸುತ್ತು’ ಎಂದು ಸಮಾನಪದಗಳನ್ನು ಸಾಲಾಗಿ ಕೊಡುವುದು ದ್ವಿಭಾಷಾ ನಿಘಂಟುಗಳ ರೂಢಿ. ಇವು ಪರಸ್ಪರ ಪರ್ಯಾಯಗಳೆಂಬ ಗ್ರಹಿಕೆಗೆ ಎಡೆಕೊಡುವ ಈ ಕ್ರಮವನ್ನು ನಾವು ಇಲ್ಲಿ ಪ್ರಶ್ನಿಸುತ್ತೇವೆ.

‘ಟ್ವೈನ್’ ಮೂಲತಃ ಎರಡೆಳೆಯ ನೂಲನ್ನು ಹೇಳುವ ಪದ. ‘ಎರಡು’ ಎಂಬ ಸಂಖ್ಯೆಯೊಡನೆ ಅದಕ್ಕೆ ಸಂಬಂಧವಿದೆ. ಆದ್ದರಿಂದ ‘ಎರಡು ಅಥವಾ ಹೆಚ್ಚು ಎಳೆಗಳನ್ನು ಕೂಡಿಸು’ ಎಂಬ ನಿರೂಪಣೆ ಇಂಗ್ಲಿಷಿಗೆ ಸಹಜ. ಕನ್ನಡದಲ್ಲಿ ಈ ಮಾನದಂಡ ನಿಲ್ಲುವುದಿಲ್ಲ. ಹತ್ತಿಯ ಒಂದೇ ಎಸಳಿನಿಂದ ಬತ್ತಿಯನ್ನು ಹೊಸೆಯುತ್ತೇವೆ. ಒಂದೇ ದಾರವನ್ನು ಗಂಟಿಕ್ಕುತ್ತ ಮೀನುಬಲೆಯನ್ನು ಹೆಣೆಯುತ್ತೇವೆ. ಬತ್ತಿಯನ್ನು ಹೆಣೆಯಲಾಗದು, ಬಲೆಯನ್ನು ಹೊಸೆಯಲಾಗದು. ಇಲ್ಲಿ ಭೇದಕವಾದುದು ಎಳೆಗಳ ಸಂಖ್ಯೆಯಲ್ಲ, ಕ್ರಿಯೆಯ ರೀತಿ. ಹಳಗನ್ನಡದ ‘ಪೊಸೆ’ಗೆ ಉಜ್ಜು, ಕಡೆ ಎಂಬ ಅರ್ಥಗಳೂ ಇರುವುದರಿಂದ ಅಂಗೈಗಳ ನಡುವಿನ ಹೊರಳಿಕೆಯೇ ಅದರ ತಿರುಳೆಂದು ತಿಳಿಯಬಹುದು. ‘ಪೆಣೆ’ಯ ತಿರುಳು ಒಂದರೊಳಗೊಂದು ಸೇರಿ ತೊಡರುವುದು, ತಮಿಳಿನ ‘ಪಿಣೈ’ ಅದರ ಜ್ಞಾತಿಪದ. ಹೊಸೆದುದರಲ್ಲಿ ನಿಲ್ಲುವ ಬಿಗುವಿಗೆ ‘ಹುರಿ’ ಎಂಬ ಪ್ರತ್ಯೇಕ ನಾಮಪದವೇ ಇದೆ: ಹುರಿಮೀಸೆ, ಹುರಿಗಟ್ಟಿದ ಮೈ.

ಭಟ್ಕಳ ತಾಲೂಕಿನ ಹೆಬಳೆಯಂತಹ ಕರಾವಳಿ ಊರುಗಳಲ್ಲಿ ತೆಂಗಿನ ನಾರು, ಬಲೆ, ಮಲ್ಲಿಗೆ ಮೂರೂ ದಿನಬಳಕೆಯ ವಸ್ತುಗಳಾದ್ದರಿಂದ ಈ ವಿಂಗಡಣೆ ಸ್ಪಷ್ಟವಾಗುತ್ತದೆ. ನಾರಿನ ಎರಡು ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಅವನ್ನು ಕೂಡಿಸುವಾಗ ಎದುರು ದಿಕ್ಕಿಗೆ ತಿರುಚಿದರೆ ಹಗ್ಗ ಬಿಚ್ಚಿಕೊಳ್ಳದು, ಇದು ಹೊಸೆತ. ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸೂಜಿಯಿಂದ ಪೋಣಿಸುವುದು ಬೇರೆಯೇ ಕೆಲಸ. ಇಂಗ್ಲಿಷಿನ ‘ಸ್ಟ್ರಿಂಗ್’ ಎಂಬ ಒಂದೇ ಕ್ರಿಯಾಪದ ಈ ಎರಡನ್ನೂ ಒಳಗೊಳ್ಳುತ್ತದೆ.

ರೂಪಕಗಳೂ ಇದೇ ಗೆರೆಯನ್ನು ಹಿಡಿದಿವೆ. ‘ಕಥೆ ಹೆಣೆದರು’ ಎಂಬಲ್ಲಿ ರಚನೆಯ ಜಾಣ್ಮೆಯಿದೆ, ಸಂಚನ್ನೂ ಹೆಣೆಯುತ್ತಾರೆ. ‘ಪದ್ಯ ಹೊಸೆದರು’ ಎಂಬಲ್ಲಿ ಹಗುರವಾಗಿ ಕಾಣುವ ಧ್ವನಿಯಿದೆ. ಒಂದೇ ಚಲನೆಯ ಪುನರಾವರ್ತನೆ ಎಂಬ ಮೂಲಾರ್ಥವೇ ಈ ಅವಹೇಳನಕ್ಕೆ ಆಧಾರವೆಂದು ನಾವು ಊಹಿಸುತ್ತೇವೆ. ಎರಡನ್ನೂ ‘ಟ್ವೈನ್’ ಅಡಿಯಲ್ಲಿ ಬೆರೆಸಿದ ನಿಘಂಟನ್ನು ನಂಬುವ ಅನುವಾದಕ ಮೆಚ್ಚುಗೆಯನ್ನು ನಿಂದೆಯಾಗಿಸಬಲ್ಲ.

ಆದ್ದರಿಂದ ಪ್ರತಿ ಉಲ್ಲೇಖದಲ್ಲೂ ಕ್ರಿಯೆಯ ರೀತಿ, ಒಪ್ಪುವ ಕರ್ಮಪದ ಮತ್ತು ರೂಪಕದ ಧ್ವನಿ ಈ ಮೂರೂ ದಾಖಲಾಗಬೇಕು. ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಟ್ಟಿಗೆ ಬಾಳುವ ಭಟ್ಕಳದ ಪರಿಸರದಲ್ಲಿ ಈ ವಿಂಗಡಣೆ ಭಾಷೆಯಿಂದ ಭಾಷೆಗೆ ದಾಟುತ್ತದೆಯೇ ಎಂಬುದು ಕ್ಷೇತ್ರಕಾರ್ಯಕ್ಕೆ ತಕ್ಕ ಪ್ರಶ್ನೆ.