ಪ್ರವಾಸ ಲೇಖಕನ ಕಸುಬು ಮತ್ತು ಜೀವಿಕೆ: ಮಾರ್ಕ್ ಟ್ವೇನನ ಎರಡು ಗ್ರಂಥಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ನಮ್ಮ ನಾಣ್ಣುಡಿಯು ಜ್ಞಾನಾರ್ಜನೆಯ ಎರಡು ದಾರಿಗಳನ್ನು ತೋರಿಸುತ್ತದೆ. ಸುತ್ತುವುದರ ವೆಚ್ಚವನ್ನು ಯಾರು ಕೊಡಬೇಕೆಂಬ ವಿಷಯದಲ್ಲಿ ಮಾತ್ರ ಅದು ಮೌನವಾಗಿದೆ. ಕೋಶವೆಂಬ ಶಬ್ದಕ್ಕೆ ಭಂಡಾರವೆಂಬ ಅರ್ಥವೂ ಉಂಟಷ್ಟೆ. ಪ್ರವಾಸ ಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆಯು ವರ್ಣನೆ, ವಿನೋದ, ಶೈಲಿಗಳ ವಿಚಾರವಾಗಿ ಸಾಕಷ್ಟು ಹೇಳಿದೆ. ಈ ಎರಡನೆಯ ಕೋಶದ ವಿಚಾರವಾಗಿ ಹೇಳಿರುವುದು ಕಡಿಮೆ. ಹಣದ ಮಾತು ಸಾಹಿತ್ಯ ವಿಚಾರಕ್ಕೆ ಹೊರಗಿನದೆಂಬ ಸಂಕೋಚವೇ ಇದಕ್ಕೆ ಕಾರಣವಿರಬಹುದು. ಆದರೆ ಪಯಣದ ವೆಚ್ಚವನ್ನು ಕೊಟ್ಟವರ ನೆರಳು ಗ್ರಂಥದ ಗಾತ್ರ, ಧಾಟಿ, ವಸ್ತು ಇವುಗಳೆಲ್ಲದರ ಮೇಲೂ ಬೀಳುತ್ತದೆ. ಆ ನೆರಳಿನಿಂದ ಲೇಖಕನು ಎಷ್ಟರಮಟ್ಟಿಗೆ ಹೊರಬರಬಲ್ಲನೆಂಬುದೇ ಅವನ ಕಸುಬಿನ ಪರೀಕ್ಷೆ. ಅಮೆರಿಕದ ಮಾರ್ಕ್ ಟ್ವೇನನ ಎರಡು ಪ್ರವಾಸ ಗ್ರಂಥಗಳನ್ನು ಎದುರುಬದುರಾಗಿರಿಸಿ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1867ರ ಜೂನ್ ತಿಂಗಳಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಡಗು ನ್ಯೂಯಾರ್ಕನ್ನು ಬಿಟ್ಟು ಯುರೋಪು ಮತ್ತು ಪ್ಯಾಲೆಸ್ಟೈನ್ ಯಾತ್ರೆಗೆ ಹೊರಟಿತು. ಯಾತ್ರಿಕನೊಬ್ಬನ ಶುಲ್ಕ 1,250 ಡಾಲರು. ಅದು ಟ್ವೇನನ ಕೈಗೆ ನಿಲುಕುವ ಮೊತ್ತವಾಗಿರಲಿಲ್ಲ; ಸ್ಯಾನ್‌ಫ್ರಾನ್ಸಿಸ್ಕೊ ನಗರದ ‘ಆಲ್ಟಾ ಕ್ಯಾಲಿಫೋರ್ನಿಯ’ ಪತ್ರಿಕೆಯು ಅದನ್ನು ತೆತ್ತಿತು. ಪ್ರತಿಯಾಗಿ ಆತನು ಸುಮಾರು 50 ಪತ್ರಗಳನ್ನು ಬರೆದು ಕಳುಹಿಸಬೇಕಾಗಿತ್ತು. ಆ ಪತ್ರಗಳ ಓದುಗರು ಕ್ಯಾಲಿಫೋರ್ನಿಯದವರು. ಅವರಿಗೆ ರುಚಿಸುವ ಆಡುನುಡಿ ಮತ್ತು ಒರಟು ಹಾಸ್ಯ ಪತ್ರಗಳಲ್ಲಿ ಹೇರಳವಾಗಿದ್ದುವು. ಬ್ರೌನ್ ಎಂಬ ಕಲ್ಪಿತ ಸಹಚರನೊಬ್ಬನು ಅಸಭ್ಯವಾದ ಮಾತುಗಳನ್ನಾಡುತ್ತ ಅವುಗಳುದ್ದಕ್ಕೂ ಲೇಖಕನ ಜೊತೆಗಿದ್ದನು.

ಪತ್ರಗಳು ಅಚ್ಚಾದೊಡನೆ ಕೆಲಸ ಮುಗಿಯಿತೆಂದು ಟ್ವೇನನು ಭಾವಿಸಿದ್ದರೆ ಇಂದು ಅವನ್ನು ಓದುವವರು ಸಂಶೋಧಕರು ಮಾತ್ರವೇ ಆಗಿರುತ್ತಿದ್ದರು. ಪತ್ರಗಳ ಹಕ್ಕು ತನ್ನದೆಂದು ಪತ್ರಿಕೆಯು ಹೇಳಿದಾಗ ಆತನು 1868ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊವಿಗೆ ಹೋಗಿ, ಮಾತನಾಡಿ, ಹಕ್ಕನ್ನು ಬಿಡಿಸಿಕೊಂಡನು. ಗ್ರಂಥದ ಮುನ್ನುಡಿಯಲ್ಲಿ ಪತ್ರಿಕೆಯ ಒಡೆಯರಿಗೆ ಕೃತಜ್ಞತೆ ಸಲ್ಲಿಸಿದನು. ಆಮೇಲೆ ತಿದ್ದುವ ಕಾರ್ಯ ನಡೆಯಿತು. ಬ್ರೌನನು ಗ್ರಂಥದಿಂದ ಹೊರನಡೆದನು. ಪ್ರಾಂತೀಯ ಹಾಸ್ಯ ಕಡಿಮೆಯಾಯಿತು. ಹಸ್ತಪ್ರತಿಯನ್ನು ಓದಿದ ಕಥೆಗಾರ ಬ್ರೆಟ್ ಹಾರ್ಟನು ಬಿಡಬೇಕೆಂದು ಸೂಚಿಸಿದ ಭಾಗಗಳನ್ನು ಟ್ವೇನನು ಬಿಟ್ಟನು. ಹೀಗೆ 1869ರಲ್ಲಿ ಹೊರಬಂದುದು ‘ದಿ ಇನೊಸೆಂಟ್ಸ್ ಅಬ್ರಾಡ್’. ವೃತ್ತಪತ್ರಿಕೆಯು ಪಯಣವನ್ನು ಕೊಂಡುಕೊಟ್ಟಿತು; ಗ್ರಂಥವನ್ನು ಮಾಡಿದುದು ಈ ತಿದ್ದುಪಡಿ.

ಮುನ್ನುಡಿಯಲ್ಲಿ ಟ್ವೇನನು ತನ್ನ ಗುರಿಯನ್ನು ಸ್ಪಷ್ಟಪಡಿಸಿದ್ದಾನೆ: ಹಿಂದೆ ಹೋಗಿ ಬಂದವರ ಕಣ್ಣಿನಿಂದ ನೋಡದೆ ತನ್ನ ಕಣ್ಣಿನಿಂದಲೇ ನೋಡಿದರೆ ಆ ದೇಶಗಳು ಹೇಗೆ ಕಂಡಾವೆಂಬುದನ್ನು ಓದುಗನಿಗೆ ಸೂಚಿಸುವುದು. ಗ್ರಂಥದ ಉತ್ತಮ ಭಾಗಗಳೆಲ್ಲ ಈ ಪ್ರತಿಜ್ಞೆಯ ಫಲ. ಪ್ಯಾಲೆಸ್ಟೈನಿನಲ್ಲಿ ಹೆಜ್ಜೆಹೆಜ್ಜೆಗೂ ಕಣ್ಣೀರು ಸುರಿಸಿದ ಹಿಂದಿನ ಗ್ರಂಥಕರ್ತರನ್ನು ಆತನು ಪರಿಹಾಸ ಮಾಡುವುದು ಅವರ ಭಕ್ತಿಗಾಗಿ ಅಲ್ಲ, ಆ ಭಕ್ತಿಯನ್ನು ಅವರು ಎರವಲು ತಂದುದಕ್ಕಾಗಿ. ಅಥೆನ್ಸಿನ ಬಂದರಿನಲ್ಲಿ, ಸಾಂಕ್ರಾಮಿಕ ರೋಗದ ಭಯದಿಂದ ಯಾತ್ರಿಕರು ದಡಕ್ಕಿಳಿಯದಂತೆ ನಿರ್ಬಂಧವಿದ್ದಾಗ, ಆತನು ಕೆಲವರೊಡನೆ ರಾತ್ರಿ ಕಳ್ಳತನದಿಂದ ಇಳಿದು, ಬೆಳುದಿಂಗಳಿನಲ್ಲಿ ಆಕ್ರೊಪೊಲಿಸನ್ನು ಕಂಡ ಪ್ರಸಂಗದಲ್ಲಿ ಹಾಸ್ಯವು ತಾನಾಗಿಯೇ ಹಿಂದೆ ಸರಿದು ಬೆರಗಿಗೆ ದಾರಿಮಾಡಿಕೊಡುತ್ತದೆ.

ಆದರೆ ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಅದನ್ನು ಪ್ರಕಟಿಸಿದ ಹಾರ್ಟ್‌ಫರ್ಡಿನ ಸಂಸ್ಥೆಯು ಅಂಗಡಿಗಳ ಮೂಲಕ ಮಾರುತ್ತಿರಲಿಲ್ಲ. ಅದರ ಏಜೆಂಟರು ಮನೆಮನೆಗೆ ಹೋಗಿ ಮುಂದಾಗಿಯೇ ಚಂದಾದಾರರನ್ನು ಗೊತ್ತುಮಾಡುತ್ತಿದ್ದರು. ಅಂಥ ಗಿರಾಕಿಯು ಕೊಟ್ಟ ಹಣಕ್ಕೆ ತಕ್ಕ ತೂಕದ ಪುಸ್ತಕವನ್ನು ಬಯಸುತ್ತಾನೆ. ಆದುದರಿಂದ ಗ್ರಂಥವು ಸುಮಾರು 650 ಪುಟಗಳಿಗೆ ಬೆಳೆದು 200ಕ್ಕೂ ಮಿಕ್ಕ ಚಿತ್ರಗಳನ್ನು ಹೊತ್ತುಕೊಂಡಿತು. ಮಾರ್ಗದರ್ಶಕರನ್ನು ಹುಸಿ ಅಜ್ಞಾನದಿಂದ ಪೀಡಿಸುವ ಹಾಸ್ಯವು ಒಮ್ಮೆ ನಗಿಸುತ್ತದೆ. ಮರಳಿ ಮರಳಿ ಬಂದಾಗ ಅದು ಪುಟ ತುಂಬುವ ಉಪಾಯವೆಂದು ತಿಳಿದುಬಿಡುತ್ತದೆ. ಲೇಖಕನಿಗೆ ದೊರೆತುದು ನೂರಕ್ಕೆ 5ರಂತೆ ರಾಯಲ್ಟಿ. ಮೊದಲ ವರ್ಷದಲ್ಲೇ 70,000ದಷ್ಟು ಪ್ರತಿಗಳು ಮಾರಾಟವಾದುದರಿಂದ ಅವನ ಜೀವಿಕೆಗೆ ಭದ್ರವಾದ ತಳಹದಿ ಒದಗಿತು. ದಪ್ಪ ಪುಸ್ತಕದ ಅಭ್ಯಾಸವೂ ಅದರೊಂದಿಗೇ ಅಂಟಿಕೊಂಡಿತು.

ಎರಡನೆಯ ಪಯಣದ ಸಂದರ್ಭವೇ ಬೇರೆ. ಅಚ್ಚುಮೊಳೆ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದು ಕಳೆದುಕೊಂಡಿದ್ದ ಟ್ವೇನನ ಪ್ರಕಾಶನ ಸಂಸ್ಥೆಯೂ 1894ರಲ್ಲಿ ದಿವಾಳಿಯಾಯಿತು. ಸಾಲಗಾರರಿಗೆ ಪೂರ್ತಿ ಹಣವನ್ನು ತೀರಿಸಲು ನಿಶ್ಚಯಿಸಿ, ತನ್ನ ಅರುವತ್ತನೆಯ ವಯಸ್ಸಿನ ಹೊಸ್ತಿಲಲ್ಲಿ, 1895ರಲ್ಲಿ ಆತನು ಭಾಷಣಯಾತ್ರೆಗೆ ಹೊರಟನು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಸಿಂಹಳಗಳನ್ನು ಹಾದು 1896ರ ಜನವರಿಯಲ್ಲಿ ಮುಂಬಯಿಗೆ ಬಂದನು. ಉತ್ತರ ಭಾರತವನ್ನು ಸುತ್ತಿದನು. ಮುಂದೆ ದಕ್ಷಿಣ ಆಫ್ರಿಕಕ್ಕೆ ಹೋದನು. ಯಾತ್ರೆ ಮುಗಿದು ಇಂಗ್ಲೆಂಡಿನಲ್ಲಿದ್ದಾಗ, ಆ ವರ್ಷದ ಆಗಸ್ಟಿನಲ್ಲಿ, ಅಮೆರಿಕದಲ್ಲಿದ್ದ ಮಗಳು ಸೂಸಿಯು ತೀರಿಕೊಂಡಳು. ಆ ದುಃಖದಲ್ಲಿ ಲಂಡನ್ನಿನಲ್ಲಿ ಕುಳಿತು ಬರೆದ ಗ್ರಂಥ ‘ಫಾಲೋಯಿಂಗ್ ದಿ ಈಕ್ವೇಟರ್’. ಅದು 1897ರಲ್ಲಿ ಪ್ರಕಟವಾಯಿತು. 1898ರ ಮೊದಲ ತಿಂಗಳುಗಳಲ್ಲಿ ಸಾಲ ತೀರಿತು.

ಇಂಥ ಪರಿಸ್ಥಿತಿಯಲ್ಲಿ ಬರೆದವನ ವಿಷಯದಲ್ಲಿ ಕಟುವಾಗುವುದು ಯಾರಿಗೂ ಇಷ್ಟವಾಗದು. ಆದರೂ ಆತನೇ 1869ರಲ್ಲಿ ಹಾಕಿಕೊಟ್ಟ ಅಳತೆಗೋಲಿನಿಂದ ಅಳೆದರೆ ಭಾರತವನ್ನು ಕುರಿತ ಅಧ್ಯಾಯಗಳಲ್ಲಿ ಅನೇಕವು ಕುಂದುತ್ತವೆ. ಠಕ್ಕರ ವೃತ್ತಾಂತಕ್ಕೆ ಸ್ಲೀಮನ್ನನ ವರದಿ, ಕಾನ್ಪುರದ ವೃತ್ತಾಂತಕ್ಕೆ ಟ್ರೆವೆಲಿಯನ್ನನ ಗ್ರಂಥ, ಕಾಶಿಗೆ ಪಾದ್ರಿಯೊಬ್ಬನ ಕೈಪಿಡಿ: ಹೀಗೆ ಪರರ ಬರಹಗಳ ಉದ್ಧರಣೆಗಳು ಪುಟಗಟ್ಟಲೆ ಹರಿಯುತ್ತವೆ. ಆತನು ಅವರ ಹೆಸರುಗಳನ್ನು ಮರೆಮಾಚಿಲ್ಲ. ಆದರೆ ಪರರ ಕಣ್ಣನ್ನು ನಿರಾಕರಿಸಿ ಕೀರ್ತಿ ಪಡೆದವನು ಪರರ ಕಣ್ಣನ್ನೇ ಬಾಡಿಗೆಗೆ ತಂದಂತಾಯಿತು. ದೇಶ ಸುತ್ತಿದವನು ದೇಶವನ್ನು ಬದಿಗಿಟ್ಟು ಕೋಶವನ್ನು ನಕಲು ಮಾಡಿದನು. ಹಾಸ್ಯವೂ ಕೆಲವೆಡೆ ಕೀಳಾಗಿದೆ. ತನ್ನ ಸೇವಕನ ಹೆಸರನ್ನು ಬದಲಿಸಿ ‘ಸೈತಾನ’ನೆಂದು ಕರೆಯುವ ವಿನೋದವನ್ನು ಓದಿ ನಾವು ನಗುವುದು ಕಷ್ಟ.

ಇಷ್ಟರಿಂದ ಹೊಟ್ಟೆಪಾಡಿನ ಬರವಣಿಗೆಯೇ ಹೀನವೆಂದು ನಿರ್ಣಯಿಸಿದರೆ ಅದು ಆತುರದ ನಿರ್ಣಯವಾದೀತು. ಏಕೆಂದರೆ ಆ ಸಾಲವೇ ಆತನನ್ನು ಮುಂಬಯಿಯ ಹೋಟೆಲಿನ ಕೋಣೆಯೊಂದಕ್ಕೆ ಕರೆತಂದಿತು. ಅಲ್ಲಿ ಕೋಣೆಯನ್ನು ಅಣಿಗೊಳಿಸಲು ಬಂದ ಜರ್ಮನನೊಬ್ಬನು, ಬಾಗಿಲನ್ನು ಸರಿಪಡಿಸುತ್ತಿದ್ದ ಭಾರತೀಯ ಆಳಿನ ದವಡೆಗೆ ಹೊಡೆದು, ಆಮೇಲೆ ತಪ್ಪೇನೆಂದು ಹೇಳಿದನು. ಆಳು ಅದನ್ನು ಮೌನವಾಗಿ ಸಹಿಸಿಕೊಂಡನು. ಆ ಕ್ಷಣದಲ್ಲಿ ಟ್ವೇನನ ಮನಸ್ಸು ಮಿಸೂರಿಯ ತನ್ನ ಬಾಲ್ಯಕ್ಕೆ ಹಾರುತ್ತದೆ: ಗುಲಾಮ ಹುಡುಗನ ಮೇಲೆ ಕೈಮಾಡುತ್ತಿದ್ದ ತಂದೆ, ಹತ್ತು ವರ್ಷದವನಾಗಿದ್ದಾಗ ಕಣ್ಣಾರೆ ಕಂಡ, ಸಿಟ್ಟಿನಲ್ಲಿ ಒಡೆಯನೊಬ್ಬನೆಸೆದ ಕಬ್ಬಿಣದ ಅದಿರಿನ ಗಟ್ಟಿ ತಗುಲಿ ಸತ್ತುಹೋದ ಗುಲಾಮ. ಇಲ್ಲಿ ಉದ್ಧರಣೆಯಿಲ್ಲ, ಅಲಂಕಾರವಿಲ್ಲ. ಪರದೇಶದ ಒಂದು ಪೆಟ್ಟು ಸ್ವದೇಶದ ಪಾಪವನ್ನು ಬೆಳಕಿಗೆ ತಂದಿದೆ. ಪ್ರವಾಸ ಸಾಹಿತ್ಯವು ಸಾಧಿಸಬಹುದಾದ ಅತ್ಯುನ್ನತವಾದುದು ಇದೇ ಎಂದರೆ ಅತಿಶಯೋಕ್ತಿಯಾಗಲಾರದು. ಸೇವಕನನ್ನು ಸೈತಾನನೆಂದು ಕರೆದ ಲೇಖನಿಯೇ ಇದನ್ನೂ ಬರೆಯಿತೆಂಬುದು ವಿಚಾರಾರ್ಹ. ಗ್ರಂಥವನ್ನು ಕೆಡಿಸಿದುದು ಸಾಲವಲ್ಲ. 700 ಪುಟಗಳನ್ನು ಮೀರಿಸಬೇಕೆಂಬ ಒತ್ತಾಯ, ಮತ್ತು ಆ ಒತ್ತಾಯಕ್ಕೆ ಹಿಂದಿನಂತೆ ಕತ್ತರಿಯಿಂದ ಉತ್ತರ ಕೊಡದುದು.

ಈ ವಿಚಾರವು ನಮಗೆ ದೂರದ್ದಲ್ಲ. ಕನ್ನಡದ ಪ್ರವಾಸ ಲೇಖಕರಲ್ಲಿ ಬಹುಮಂದಿಗೆ ಜೀವಿಕೆ ಬೇರೆಡೆಯಿಂದ ಬಂದಿದೆ. ‘ಪಂಪಾಯಾತ್ರೆ’ಯ ವಿ. ಸೀತಾರಾಮಯ್ಯನವರು ಅಧ್ಯಾಪಕರಾಗಿದ್ದರು. ಲೇಖನಿಯನ್ನೇ ನೆಚ್ಚಿ ಬಾಳಿದ ಶಿವರಾಮ ಕಾರಂತರು ಕೂಡ ‘ಅಪೂರ್ವ ಪಶ್ಚಿಮ’ದಂಥ ಪ್ರವಾಸ ಗ್ರಂಥಗಳನ್ನು ಮಾತ್ರ ನಂಬಿದವರಲ್ಲ; ಕಾದಂಬರಿ, ಮಕ್ಕಳ ವಿಶ್ವಕೋಶ, ವಿಜ್ಞಾನ ಗ್ರಂಥ, ಮುದ್ರಣಾಲಯ ಮೊದಲಾದ ಹಲವು ಕೆಲಸಗಳಲ್ಲಿ ಬೆವರು ಸುರಿಸಿದರು. ಇದನ್ನು ನಮ್ಮ ಬಡತನವೆಂದು ಮರುಗಬಹುದು. ದಪ್ಪ ಪುಸ್ತಕದ ಒತ್ತಾಯದಿಂದ ದೊರೆತ ಬಿಡುಗಡೆಯೆಂದೂ ಎಣಿಸಬಹುದು. ಇಂದು ಪ್ರವಾಸೋದ್ಯಮ ಇಲಾಖೆಗಳೂ ಹೋಟೆಲುಗಳೂ ಲೇಖಕರಿಗೆ ಆತಿಥ್ಯ ನೀಡುತ್ತವೆ. ಉಂಡ ಮನೆಯ ದೋಷವನ್ನು ಎಣಿಸಬಾರದೆಂಬುದು ಗೃಹಸ್ಥನಿಗೆ ಧರ್ಮ. ಪ್ರವಾಸ ಲೇಖಕನಿಗೆ ಅದು ಕುಣಿಕೆ.

ಈ ಕಸುಬನ್ನು ಕೈಗೊಳ್ಳಬಯಸುವ ವಿದ್ಯಾರ್ಥಿಯು ಟ್ವೇನನಿಂದ ಕಲಿಯಬೇಕಾದುದು ಮೂರು ಸಂಗತಿಗಳು. ಪಯಣದ ಹಣ ಎಲ್ಲಿಂದ ಬಂದಿತೆಂಬುದನ್ನು ಓದುಗನಿಗೆ ತಿಳಿಸಬೇಕು. ಬರೆದುದರ ಹಕ್ಕನ್ನು ತನ್ನಲ್ಲಿ ಉಳಿಸಿಕೊಳ್ಳಬೇಕು, ಹಕ್ಕಿಲ್ಲದವನು ತಿದ್ದಲಾರನು. ಕೊನೆಯದಾಗಿ, ಪತ್ರಿಕೆಗೆ ಬರೆದುದನ್ನು ಗ್ರಂಥವೆಂದು ಭ್ರಮಿಸದೆ, ತಾನು ಕಾಣದುದನ್ನೆಲ್ಲ ಅದರಿಂದ ತೆಗೆದುಹಾಕಬೇಕು. ಪುಟಗಳು ಕಡಿಮೆಯಾದಾವು, ಸಂಭಾವನೆಯೂ ಕಡಿಮೆಯಾದೀತು. ಆದರೆ ಉಳಿದುದು ಅವನದೇ ಆಗಿರುತ್ತದೆ.